ಅಂಕಿತಕ್ಕೆ ಕಾದ ಬೇಸಿಗೆ

ಕಳೆದ ವಾರ ಒಂದು ಕರ್ಬೂಜದ ಹಣ್ಣನ್ನು ಕಾರಿನ ಹಿಂದಿನ ಸೀಟಿನಲ್ಲೇ ಮರೆತುಬಿಟ್ಟೆ. ಮಸ್ಕತ್ತಿನ ಜೂನ್ ಬಿಸಿಲಿನಲ್ಲಿ, ಗಾಜು ಏರಿಸಿದ ಕಾರಿನೊಳಗೆ ಒಂಬತ್ತು ಗಂಟೆ ಕೂತ ಕರ್ಬೂಜ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ಆಫೀಸಿನಿಂದ ಇಳಿದು ಬಂದು ಬಾಗಿಲು ತೆಗೆದವಳು ನನ್ನ ಮರೆವಿಗೆ ನಾನೇ ಬೈದುಕೊಳ್ಳಲು ಬಾಯಿ ತೆರೆದೆ, ಹಾಗೇ ನಿಂತುಬಿಟ್ಟೆ. ಅದು ಹಿಂದೆ ನನ್ನನ್ನು ದಿನಾ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಹಮೀದಾಕನ ಕಾರಿನ ವಾಸನೆ. ಅತಿಯಾಗಿ ಹಣ್ಣಾದ ಕರ್ಬೂಜ, ಬಾಡಿದ ಕೊತ್ತಂಬರಿ ಸೊಪ್ಪು, ಕಾದ ರೆಕ್ಸಿನ್, ಮೇಲಿಂದ ಒಂದಿಷ್ಟು ಅತ್ತರು. ಆ ಕಾರು ಈಗ ಯಾರ ಕೈಯಲ್ಲಿದೆಯೋ ಗೊತ್ತಿಲ್ಲ. ಹಮೀದಾಕ ಬೇರೆ ಊರಾದ ಸಹಮ್‌ನಲ್ಲಿ ಸ್ವಂತ ಅಂಗಡಿ ಹಾಕಿಕೊಂಡು ಹೋದರು. ನಾನು ನಾಲ್ಕನೇ ಪ್ರಯತ್ನಕ್ಕೆ ಲೈಸೆನ್ಸ್ ಪಾಸಾಗಿ ಒಬ್ಬಳೇ ಓಡಾಡುತ್ತಿದ್ದೇನೆ. ಆದರೂ ಆ ಒಂದು ಬೇಸಿಗೆಯಲ್ಲಿ ನಾವು ಮೂವರು ಆ ಕಾರಿನಲ್ಲಿ ನಡೆಸಿದ ಕಲಾಪ ನೆನೆದರೆ ಈಗಲೂ ನಗು ಬರುತ್ತದೆ. ನಗು ಮುಗಿಯುವ ಮೊದಲೇ ನಾನು ಬರೆದ ಒಂದು ವಾಕ್ಯವೂ ನೆನಪಾಗುತ್ತದೆ.

ನಾವು ಮೂವರೂ ಘಾಲಾ ಎಂಬ ಕೈಗಾರಿಕಾ ಪ್ರದೇಶದ ಒಂದೇ ಗ್ಯಾರೇಜು ಕಂಪನಿಯಲ್ಲಿ ಕೆಲಸಕ್ಕಿದ್ದವರು, ಮೂವರೂ ಅಲ್ ಮವಾಲೇಹ್‌ನಲ್ಲಿ ಬಾಡಿಗೆಗಿದ್ದವರು. ಬಂಟ್ವಾಳದ ಹಮೀದಾಕ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಹೆಂಡತಿ, ನಾಲ್ಕು ಮಕ್ಕಳು ಜೊತೆಗಿದ್ದರು, ಹಾಗಾಗಿ ಬೆಳಿಗ್ಗೆ ನಮ್ಮನ್ನು ಹತ್ತಿಸಿಕೊಳ್ಳುವ ಮೊದಲೇ ತರಕಾರಿ ಮಾರುಕಟ್ಟೆಗೆ ಹೋಗಿ ಮನೆಗೆ ಬೇಕಾದ್ದು ತರುತ್ತಿದ್ದರು. ಯಾವಾಗಲೂ ಒಂದು ಚೀಲ ಕಾರಿನಲ್ಲೇ ಉಳಿದುಹೋಗುತ್ತಿತ್ತು. ಸುರತ್ಕಲ್ ಕಡೆಯ ವಿಠಲಣ್ಣ ಡೆಂಟಿಂಗ್ ಪೇಂಟಿಂಗ್ ವಿಭಾಗದ ಫೋರ್‌ಮನ್. ಕುಟುಂಬವನ್ನು ಊರಲ್ಲಿ ಬಿಟ್ಟು ಬಂದವರನ್ನೆಲ್ಲ ಇಲ್ಲಿ ಬ್ಯಾಚುಲರ್ ಎಂದೇ ಕರೆಯುವುದು. ಅರವತ್ತೆರಡು ವರ್ಷದ ವಿಠಲಣ್ಣನೂ ಹಾಗೆ ಮೂವತ್ತು ವರ್ಷದಿಂದ ಬ್ಯಾಚುಲರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರ ಒಬ್ಬಳೇ ಮಗಳು ಅಶ್ವಿನಿ ಊರಿನ ಸರಕಾರಿ ಕಾಲೇಜಿನಲ್ಲಿ ಲೆಕ್ಚರರ್. ಈ ಸಂಗತಿ ನಮಗೆ ಮಾತ್ರವಲ್ಲ, ಗೇಟಿನ ಒಮಾನಿ ಕಾವಲುಗಾರನಿಗೂ, ಮ್ಯಾನೇಜರನಿಗೂ, ಗಾಡಿ ರಿಪೇರಿಗೆ ತಂದ ಗಿರಾಕಿಗೂ ಗೊತ್ತಿತ್ತು. ವಿಠಲಣ್ಣನ ಜೊತೆ ಐದು ನಿಮಿಷ ಮಾತಾಡಿದವರಿಗೆ ಅದು ಗೊತ್ತಾಗದೆ ಇರಲು ಸಾಧ್ಯವೇ ಇರಲಿಲ್ಲ.

ನಾನು ಶಶಿಕಲಾ, ಕಾರ್ಕಳದವಳು. ಆಫೀಸಿನಲ್ಲಿ ಪತ್ರ ಟೈಪ್ ಮಾಡುವುದು, ವೀಸಾ ಕಾಗದ ಜೋಡಿಸುವುದು ನನ್ನ ಕೆಲಸ. ಗಂಡನ ಕೆಲಸ ದೂರದ ಸೊಹಾರ್ ಊರಿನಲ್ಲಿ, ವಾರಕ್ಕೊಮ್ಮೆ ಬರುತ್ತಾರೆ. ಕನ್ನಡ ಎಂ.ಎ. ಮಾಡಿದವಳಾದ್ದರಿಂದ ಮವಾಲೇಹ್‌ನಿಂದ ಘಾಲಾದವರೆಗೆ ಯಾರಿಗೆ ಕನ್ನಡದಲ್ಲಿ ಏನು ಬರೆಯಬೇಕಿದ್ದರೂ ನನ್ನ ಬಳಿಯೇ ಬರುತ್ತಿದ್ದರು. ಪಂಚಾಯತಿಗೆ ಅರ್ಜಿ, ತಹಶೀಲ್ದಾರರಿಗೆ ಮನವಿ, ಸಂಘದ ಕಾರ್ಯಕ್ರಮಕ್ಕೆ ಸ್ವಾಗತ ಭಾಷಣ ಎಲ್ಲ ಬರೆದಿದ್ದೇನೆ. ಬೇಡ ಬೇಡ ಎನ್ನುತ್ತಲೇ ಬರೆದುಕೊಡುತ್ತಿದ್ದೆ. ಒಳಗೊಳಗೆ ಅದೊಂದೇ ನನ್ನ ದೊಡ್ಡಸ್ತಿಕೆಯಾಗಿತ್ತು.

ನಮ್ಮ ಕಾರಿನಲ್ಲಿ ರಾಜಕೀಯ ಬಿಟ್ಟರೆ ಬೇರೆ ಮಾತಿಲ್ಲ. ಆಗ ಊರಲ್ಲಿ ವಿಧಾನಸಭೆಯಲ್ಲಿ ಬಹುಮತ ಇದ್ದದ್ದು ಹಮೀದಾಕನ ಪಕ್ಷಕ್ಕೆ. ರಾಜ್ಯಪಾಲರು ದೆಹಲಿಯಿಂದ ಬಂದವರು, ದೆಹಲಿಯಲ್ಲಿ ವಿಠಲಣ್ಣನ ಪಕ್ಷ. ಸಭೆಯಲ್ಲಿ ಪಾಸಾದ ಮಸೂದೆ ರಾಜಭವನಕ್ಕೆ ಹೋಗುವುದು, ಅಂಕಿತ ಬೀಳದೆ ಅಲ್ಲೇ ಕೂರುವುದು, ಇವರು ಧರಣಿ ಮಾಡುವುದು, ಅವರು ವಿವರಣೆ ಕೇಳುವುದು. ಅಲ್ಲಿ ಬೆಂಗಳೂರಲ್ಲಿ ನಡೆದದ್ದೆಲ್ಲ ಮರುದಿನ ಬೆಳಿಗ್ಗೆ ಆರೂಮುಕ್ಕಾಲಕ್ಕೆ ಇಲ್ಲಿ ಹಮೀದಾಕನ ಕಾರಿನಲ್ಲಿ ಮತ್ತೊಮ್ಮೆ ನಡೆಯುತ್ತಿತ್ತು. ಹಮೀದಾಕ ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮಾತಾಡುತ್ತಿದ್ದರು. ವಿಠಲಣ್ಣ ಪಕ್ಕದ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡ್ ಗುದ್ದುತ್ತಿದ್ದರು. ಹಿಂದೆ ಕೂತ ನನ್ನನ್ನು ಇಬ್ಬರೂ ಸೇರಿ ಸ್ಪೀಕರ್ ಮಾಡಿದ್ದರು. ನಾನೇ ನಿಯಮ ಹಾಕಿದ್ದೆ: ಮವಾಲೇಹ್‌ನಿಂದ ವಿಮಾನ ನಿಲ್ದಾಣ ಬರುವವರೆಗೆ ಹಮೀದಾಕನ ಸಮಯ, ಅಲ್ಲಿಂದ ಘಾಲಾ ತಿರುವಿನವರೆಗೆ ವಿಠಲಣ್ಣನ ಸಮಯ. ಮೀರಿದರೆ ಟಿಫಿನ್ ಡಬ್ಬಿಯ ಮೇಲೆ ಚಮಚದಲ್ಲಿ ಬಾರಿಸುತ್ತಿದ್ದೆ. ಅಷ್ಟಾದ ಮೇಲೂ ಕಾರು ನಿಲ್ಲಿಸುವಾಗ ಒಬ್ಬರು ಸಭಾತ್ಯಾಗ ಮಾಡಿಯೇ ಇಳಿಯುತ್ತಿದ್ದರು. ಸಂಜೆ ಮತ್ತೆ ಅದೇ ಕಾರು, ಅದೇ ಮೂವರು, ಮೂವರಿಗೂ ಒಂದು ಹುರಿಗಡಲೆ ಪೊಟ್ಟಣ.

ಆ ವರ್ಷ ಏಪ್ರಿಲ್ ಕೊನೆಯಲ್ಲೇ ಸೆಕೆ ಶುರುವಾಗಿತ್ತು. ಬೆಳಿಗ್ಗೆ ಮನೆಯಿಂದ ಹೊರಬಿದ್ದರೆ ಕನ್ನಡಕ ಮಂಜಾಗುವಷ್ಟು ತೇವ, ಒಂಬತ್ತು ಗಂಟೆಗೆಲ್ಲ ಕಬ್ಬಿಣ ಮುಟ್ಟಲಾಗದಷ್ಟು ಬಿಸಿಲು. ಅದೇ ವಾರ ಒಂದು ಮಸೂದೆ ಎರಡೂ ಸದನಗಳಲ್ಲಿ ಗದ್ದಲದ ನಡುವೆ ಪಾಸಾಗಿ ರಾಜಭವನಕ್ಕೆ ಹೋಯಿತು. ಸರಕಾರಿ ಕಾಲೇಜುಗಳಲ್ಲಿ ವರ್ಷ ವರ್ಷವೂ ತಾತ್ಕಾಲಿಕವಾಗಿ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೆ ಕಾಯಂ ಹುದ್ದೆಯ ನೇಮಕಾತಿಯಲ್ಲಿ ವಯಸ್ಸಿನ ಸಡಿಲಿಕೆ ಕೊಡುವ ಮಸೂದೆ. ಕಾಯಂ ಹುದ್ದೆಗಳಿಗೆ ಅರ್ಜಿ ಕರೆದಾಗಿತ್ತು, ಆಗಸ್ಟ್ ಕೊನೆಯ ದಿನ ಗಡುವು. ಅಷ್ಟರೊಳಗೆ ಅಂಕಿತ ಬಿದ್ದರೆ ವಯಸ್ಸು ಮೀರಿದವರೂ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಇಲ್ಲ. ಇಷ್ಟು ನಮಗೆ ಟಿವಿಯಿಂದ ಗೊತ್ತಿತ್ತು. ಇಷ್ಟೇ ಗೊತ್ತಿತ್ತು.

"ಪಾಪದವರಿಗೆ ಒಂದು ಒಳ್ಳೇದು ಮಾಡುವಾಗ ನಿಮ್ಮ ರಾಜ್ಯಪಾಲರಿಗೆ ಪೆನ್ನಲ್ಲಿ ಇಂಕ್ ಇಲ್ವಾ ಮಾರಾಯ್ರೆ?" ಎಂದು ಹಮೀದಾಕ ಶುರು ಮಾಡುತ್ತಿದ್ದರು.

"ಎಂತ ಪಾಪದವರು? ಎಲ್ಲ ನಿಮ್ಮ ಪಾರ್ಟಿಯ ಚೇಲಗಳು. ಹಿಂದಿನ ಬಾಗಿಲಲ್ಲಿ ತುಂಬಿಸ್ಲಿಕ್ಕೆ ನೋಡ್ತಾ ಇದ್ದಾರೆ," ಎಂದು ವಿಠಲಣ್ಣ ತಿರುಗಿ ಬೀಳುತ್ತಿದ್ದರು. "ನನ್ನ ಮಗಳು ಕಷ್ಟಪಟ್ಟು ಓದಿ ಲೆಕ್ಚರರ್ ಆದದ್ದು. ಇವರಿಗೆ ಮಾತ್ರ ಸಡಿಲಿಕೆಯಾ?"

ನಿಜ ಹೇಳಬೇಕೆಂದರೆ ಆ ಅತಿಥಿ ಉಪನ್ಯಾಸಕರು ಯಾರು, ಅವರ ಗತಿ ಏನು ಎಂಬುದು ನಮ್ಮ ಕಾರಿನಲ್ಲಿ ಯಾರಿಗೂ ಬೇಕಿರಲಿಲ್ಲ. ಯಾರು ಮೊದಲು ತಲೆ ಬಗ್ಗಿಸುತ್ತಾರೆ ಎಂಬುದಷ್ಟೇ ಬೇಕಿತ್ತು. ನನಗಂತೂ ಅದೊಂದು ಆಟ. ಡಬ್ಬಿ ಬಾರಿಸುವುದರಲ್ಲೇ ಸುಖ.

ಜೂನ್ ಬಂತು. ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ಕೆಲಸ ಮಾಡಬಾರದೆಂಬ ನಿಯಮ ಜಾರಿಯಾಗಿ ಗ್ಯಾರೇಜಿನ ಅಂಗಳದ ಹುಡುಗರೆಲ್ಲ ಪೇಂಟ್ ಶೆಡ್ಡಿನ ದೊಡ್ಡ ಫ್ಯಾನಿನ ಕೆಳಗೆ ಸಾಲಾಗಿ ಮಲಗುತ್ತಿದ್ದರು. ಗೇಟಿನ ಕಾವಲುಗಾರ ತನ್ನ ತೋಟದ ಅರೆಹಣ್ಣಾದ ಖರ್ಜೂರ ತಂದು ಎಲ್ಲರ ಮೇಜಿನ ಮೇಲೆ ಒಂದೊಂದು ಹಿಡಿ ಇಟ್ಟು ಹೋಗುತ್ತಿದ್ದ. ಅಂಥ ಒಂದು ಮಧ್ಯಾಹ್ನ ವಿಠಲಣ್ಣ ನನ್ನ ಮೇಜಿನ ಮುಂದೆ ಬಂದು ನಿಂತರು. ಅವರ ಪಕ್ಷದ ಗಲ್ಫ್ ವಾಟ್ಸ್ಆ್ಯಪ್ ಗುಂಪಿನಲ್ಲಿ ತೀರ್ಮಾನವಾಗಿತ್ತಂತೆ. ಪ್ರತಿ ಊರಿಂದಲೂ ಅನಿವಾಸಿ ಕನ್ನಡಿಗರು ಮಸೂದೆಗೆ ಅಂಕಿತ ಹಾಕಬಾರದೆಂದು ರಾಜ್ಯಪಾಲರಿಗೆ ಅರ್ಜಿ ಕಳಿಸಬೇಕು. ಮಸ್ಕತ್ತಿನ ಹೊಣೆ ವಿಠಲಣ್ಣನದು.

"ಒಳ್ಳೆ ಖಾರ ಆಗಿ ಬರೀಬೇಕು ಶಶಿಯಕ್ಕ. ರಾಜ್ಯಪಾಲರು ಓದಿ ಕೂತಲ್ಲಿಂದ ಏಳ್ಬೇಕು."

ಸಂಜೆ ಹಮೀದಾಕನಿಗೆ ವಿಷಯ ಗೊತ್ತಾಯಿತು. ತಮಗೂ ಒಂದು ಅರ್ಜಿ ಬೇಕೆಂದು ಹಟ ಹಿಡಿದರು, ಅಂಕಿತ ಕೂಡಲೇ ಹಾಕಬೇಕೆಂದು. "ಸ್ಪೀಕರ್ ಪಕ್ಷಪಾತ ಮಾಡ್ಲಿಕ್ಕಿಲ್ಲ, ಖಲಾಸ್," ಎಂದರು. ನಾನು ಇಬ್ಬರಿಗೂ ಒಪ್ಪಿಕೊಂಡೆ. ಒಂದೇ ವಿಷಯದ ಮೇಲೆ ಪರವಾಗಿಯೂ ವಿರೋಧವಾಗಿಯೂ ಬರೆಯುವುದು ಎಂ.ಎ. ಓದುವಾಗಿನ ಚರ್ಚಾಸ್ಪರ್ಧೆಯನ್ನು ನೆನಪಿಸಿತು. ಇಪ್ಪತ್ತು ವರ್ಷದ ಮೇಲೆ ಯಾರೋ ನನ್ನ ಕನ್ನಡಕ್ಕೆ ಒಂದು ದೊಡ್ಡ ಕೆಲಸ ಕೊಟ್ಟಿದ್ದರು, ಖುಷಿಯಾಗಿತ್ತು.

ವಾರದ ರಜೆಯ ಶುಕ್ರವಾರ ಗಂಡ ಮಲಗಿ ಎದ್ದು ಮತ್ತೆ ಮಲಗುವಷ್ಟು ಹೊತ್ತು ಕೂತು ಬರೆದೆ. ಹಮೀದಾಕನದು ಅರ್ಧ ಗಂಟೆಯಲ್ಲಿ ಮುಗಿಯಿತು. ದೀರ್ಘಕಾಲ ಸೇವೆ ಸಲ್ಲಿಸಿದವರಿಗೆ ನ್ಯಾಯ ಒದಗಿಸಿ ಎಂಬಂಥ, ಯಾವ ಕಚೇರಿಯ ಕಡತದಲ್ಲಾದರೂ ಸಿಗುವ ನಾಲ್ಕು ಸಾಲು. ವಿಠಲಣ್ಣನದಕ್ಕೆ ಇಡೀ ದಿನ ಹಿಡಿಯಿತು. ಬೈಯುವುದಕ್ಕೆ ಕೂತರೆ ಮಾತು ತಾನಾಗಿ ಒದಗಿ ಬರುತ್ತದೆ. ಪದವಿ ಮುಗಿಸಿ ಬಾಗಿಲ ಹೊರಗೆ ಸರದಿಯಲ್ಲಿ ನಿಂತ ಎಳೆಯರ ಬಗ್ಗೆ ಎರಡು ಪ್ಯಾರಾ ಬರೆದೆ, ಅದು ಸುಳ್ಳೇನೂ ಅಲ್ಲ. ಆಮೇಲೆ ಈ ವಾಕ್ಯ ಬಂತು: "ಅತಿಥಿಗಳನ್ನು ಉಣಿಸಿ ಬೀಳ್ಕೊಡುವುದು ಧರ್ಮ, ಅವರ ಹೆಸರಿಗೆ ಮನೆಯ ಪಾಲು ಬರೆದುಕೊಡುವುದು ಧರ್ಮವಲ್ಲ." ಬರೆದು ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಭಾನುವಾರ ಕಾರಿನಲ್ಲಿ ಎರಡನ್ನೂ ಓದಿದೆ. ವಿಠಲಣ್ಣ ಚಪ್ಪಾಳೆ ಹೊಡೆದರು. ಹಮೀದಾಕ ತಮ್ಮದನ್ನು ಮಡಚಿ ಕಿಸೆಗೆ ಹಾಕಿಕೊಂಡು, "ನಮ್ಮದು ಸ್ವಲ್ಪ ಸಪ್ಪೆ ಆಯ್ತಲ್ಲ," ಎಂದರು. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ಮತ್ತೆ ಹೇಳಿದರು, "ಅಲ್ಲ ಶಶಿಯಕ್ಕ, ಅತಿಥಿಗಳು ಉಂಡು ಹೋಗ್ಬೇಕು ಅಂತ ಬರ್ದಿದ್ದೀರಿ. ಈ ಒಮಾನಿನಲ್ಲಿ ನಾವು ಮತ್ತೆ ಯಾರು?"

ನಾನು ನಕ್ಕು ಚಮಚದಲ್ಲಿ ಡಬ್ಬಿ ಬಾರಿಸಿದೆ, ನಿಮ್ಮ ಸಮಯ ಮುಗಿಯಿತು ಎಂದೆ.

ಎರಡೂ ಅರ್ಜಿಗಳಿಗೆ ಘಾಲಾದ ಗ್ಯಾರೇಜು, ಗೋದಾಮುಗಳಲ್ಲಿ ಸಹಿ ಸಂಗ್ರಹವಾಯಿತು. ಕೆಲವರು ಎರಡಕ್ಕೂ ಹಾಕಿದರು. ವಿಠಲಣ್ಣನ ಅರ್ಜಿಯಲ್ಲಿ ಮೊದಲ ಸಹಿ ಅವರದೇ, ದಪ್ಪಕ್ಷರದಲ್ಲಿ. ಅದರ ಫೋಟೋ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತಾ ದುಬೈ, ದೋಹಾ ಎಲ್ಲ ಸುತ್ತಿತು. ಹೋದಲ್ಲೆಲ್ಲ ಆ ವಾಕ್ಯವನ್ನು ಹೊಗಳಿದರಂತೆ. ಬರೆದವಳ ಹೆಸರು ಅದರಲ್ಲಿ ಇರಲಿಲ್ಲ. ಇದ್ದಿದ್ದರೆ ಎಂದು ಒಂದೆರಡು ಸಲ ಆಸೆಪಟ್ಟದ್ದೂ ಉಂಟು.

ಜುಲೈ ಮಧ್ಯದಲ್ಲಿ ಸುದ್ದಿ ಬಂತು. ರಾಜ್ಯಪಾಲರು ಮಸೂದೆಯನ್ನು ಸದನಕ್ಕೆ ಹಿಂತಿರುಗಿಸಿದ್ದರು, ಆಕ್ಷೇಪಣೆಗಳನ್ನು ಪರಿಶೀಲಿಸಿ ಎಂಬ ಟಿಪ್ಪಣಿಯ ಜೊತೆ. ಮರುದಿನ ಬೆಳಿಗ್ಗೆ ವಿಠಲಣ್ಣ ಕಾರು ಹತ್ತಿದ್ದು ಒಮಾನಿ ಹಲ್ವಾದ ದೊಡ್ಡ ಡಬ್ಬಿ ಹಿಡಿದುಕೊಂಡು. ಮೊದಲ ತುಂಡು ಹಮೀದಾಕನ ಬಾಯಿಗೇ ತುರುಕಿದರು. ಹಮೀದಾಕ ಜಗಿಯುತ್ತಲೇ ಬೈದರು. ಆಮೇಲೆ ವಿಠಲಣ್ಣ ತಮ್ಮ ಫೋನನ್ನು ಕಾರಿನ ಸ್ಪೀಕರಿಗೆ ಜೋಡಿಸಿ ಒಂದು ವಿಡಿಯೋ ಹಾಕಿದರು. ಯಾವುದೋ ಚಾನೆಲ್‌ನಲ್ಲಿ ಅವರ ಪಕ್ಷದವರೊಬ್ಬರು, ಪರದೇಶದಲ್ಲಿರುವ ಕನ್ನಡಿಗರೇ ಏನು ಹೇಳುತ್ತಿದ್ದಾರೆ ನೋಡಿ ಎನ್ನುತ್ತಾ ನನ್ನ ವಾಕ್ಯವನ್ನು ಓದುತ್ತಿದ್ದರು. ನನ್ನ ಮೈ ಜುಮ್ಮೆಂದಿತು. ಸುಳ್ಳು ಯಾಕೆ, ಹೆಮ್ಮೆಯಿಂದಲೇ.

ವಿಡಿಯೋ ನಿಂತು ಫೋನ್ ರಿಂಗಾಯಿತು. ಅಶ್ವಿನಿ. ವಿಠಲಣ್ಣ ಸಂಭ್ರಮದಲ್ಲಿ ಹಾಗೇ ಒತ್ತಿದರು, ಮಗಳ ದನಿ ಇಡೀ ಕಾರಿನಲ್ಲಿ ತುಂಬಿತು. ಅಪ್ಪ ಮಗಳು ತುಳುವಿನಲ್ಲಿ ಮಾತಾಡಿದರು. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಪ್ಪಾ, ಮಸ್ಕತ್ತಿಂದ ಹೋದ ಅರ್ಜಿಯಲ್ಲಿ ನಿಮ್ಮ ಹೆಸರು ಉಂಟಂತೆ. ಬೇರೆ ಯಾರೋ ವಿಠಲ ಅಲ್ವಾ?"

"ಬೇರೆ ಯಾರು ಮಗಾ? ನಾನೇ! ಫಸ್ಟ್ ಸೈನ್ ನಂದೇ. ಟಿವಿಯಲ್ಲಿ ಓದಿದ್ದು ನೋಡಿದ್ಯಾ?"

ಫೋನಿನಾಚೆ ಮಗಳು ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು.

"ಅಪ್ಪಾ, ನಾನು ಗೆಸ್ಟ್ ಲೆಕ್ಚರರ್. ಹನ್ನೆರಡು ವರ್ಷದಿಂದಲೂ ಗೆಸ್ಟೇ. ಆ ಬಿಲ್ಲು ನನ್ನಂಥವರದ್ದು. ನನಗೆ ಏಜ್ ಒಂದು ವರ್ಷ ಮೀರಿದೆ. ಸೈನ್ ಬಿದ್ದಿದ್ರೆ ಈ ಸಲ ಅರ್ಜಿ ಹಾಕ್ಲಿಕ್ಕೆ ಆಗ್ತಿತ್ತು."

ವಿಠಲಣ್ಣ ಹಲ್ವಾದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಫೋನನ್ನೇ ನೋಡುತ್ತಿದ್ದರು. "ನೀನು ಲೆಕ್ಚರರ್ ಅಂತ ಹೇಳಿದ್ಯಲ್ಲ," ಎಂದರು, ಬಹಳ ಸಣ್ಣದಾಗಿ.

"ಮೊದಲ ವರ್ಷ ಗೆಸ್ಟ್ ಅಂತಲೇ ಹೇಳಿದ್ದೆ. ನೀವೇ ಎಲ್ಲರಿಗೂ ಹೇಳುವಾಗ ಲೆಕ್ಚರರ್ ಮಾಡಿದ್ರಿ. ಅಷ್ಟು ಖುಷಿಯಲ್ಲಿ ಹೇಳ್ತಿದ್ರಿ, ಅಲ್ಲ ಅನ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ."

ವಿಠಲಣ್ಣನಿಗೆ ಸ್ಪೀಕರ್ ತೆಗೆಯುವುದು ಹೇಗೆಂದು ತಿಳಿಯಲಿಲ್ಲ. ಹಮೀದಾಕ ಹೆದ್ದಾರಿಯ ಬದಿಗೆ ಕಾರು ಸರಿಸಿ ನಿಲ್ಲಿಸಿದರು, ಎ.ಸಿ. ಹಾಗೇ ಬಿಟ್ಟು ತಾವು ಇಳಿದರು, ನನಗೂ ಇಳಿಯಲು ಕಣ್ಣಲ್ಲೇ ಹೇಳಿದರು. ಅಪ್ಪ ಮಗಳ ಮಾತನ್ನು ಒಳಗೆ ಬಿಟ್ಟು ನಾವಿಬ್ಬರು ಬಿಸಿಲಲ್ಲಿ ನಿಂತೆವು. ಲಾರಿಗಳು ಹೋದಾಗಲೆಲ್ಲ ಕಾದ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ನಾನು ತಲೆಗೆ ದುಪಟ್ಟಾ ಹೊದ್ದುಕೊಂಡೆ.

ಹಮೀದಾಕ ಕೇಳಿದರು, "ಶಶಿಯಕ್ಕ, ಆ ಬಿಲ್ಲಲ್ಲಿ ಸರಿಯಾಗಿ ಎಂತ ಉಂಟು?"

"ಮೂರು ತಿಂಗಳಿಂದ ಅದರ ಪರವಾಗಿ ಮಾತಾಡಿದವರು ನೀವು!"

"ನಾನು ಓದ್ಲಿಲ್ಲ. ನಮ್ಮವರು ತಂದದ್ದು, ಒಳ್ಳೇದೇ ಇರ್ಬೇಕು ಅಂತ. ನೀವು ಎರಡೆರಡು ಅರ್ಜಿ ಬರ್ದದ್ದಲ್ವಾ, ನಿಮಗೆ ಗೊತ್ತಿರ್ಬೇಕು."

ನಾನೂ ಓದಿರಲಿಲ್ಲ.

ಮರುದಿನದಿಂದ ವಿಠಲಣ್ಣ ನಮ್ಮ ಕಾರಿಗೆ ಬರಲಿಲ್ಲ. ಕೂಲಿಯಾಳುಗಳ ಜೊತೆ ಕಂಪನಿಯ ಬಸ್ಸಿನಲ್ಲಿ ಬಂದು ಅದರಲ್ಲೇ ಹೋಗುತ್ತಿದ್ದರು. ಅದರಲ್ಲಿ ಎ.ಸಿ. ಇದ್ದೂ ಇಲ್ಲದ ಹಾಗೆ. ಜಗಳವಾಡಲು ಎದುರಾಳಿ ಇಲ್ಲದ ಹಮೀದಾಕ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ನೇರ ನೋಡುತ್ತಾ ಓಡಿಸುತ್ತಿದ್ದರು. ಮೂರನೇ ದಿನ ವಿಠಲಣ್ಣ ನನ್ನ ಮೇಜಿಗೆ ಬಂದರು. ವರ್ಷದ ಕೊನೆಗೆ ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆಂದು ಅವರು ಕೊಟ್ಟಿದ್ದ ಪತ್ರ ನನ್ನ ಫೈಲಿನಲ್ಲಿತ್ತು. ಮಗಳದು ಕಾಯಂ ಕೆಲಸ, ಇನ್ನು ತಾನು ಈ ಬಣ್ಣದ ಹೊಗೆ ಕುಡಿಯುವುದು ಸಾಕು ಎಂದು ಹೇಳಿ ಬರೆಸಿದ್ದರು.

"ಅದು ತೆಗೀರಿ ಶಶಿಯಕ್ಕ. ಕಫೀಲ್ ಧಣಿಯ ಹತ್ರ ಮಾತಾಡಿದೆ, ಇನ್ನೂ ಎರಡು ವರ್ಷ ಇರು ಅಂದ್ರು. ಅವಳಿಗೆ ವರ್ಷಕ್ಕೆ ಹತ್ತು ತಿಂಗಳು ಮಾತ್ರ ಸಂಬಳ ಅಂತೆ. ನನಗೆ ಗೊತ್ತೇ ಇರ್ಲಿಲ್ಲ."

ಪತ್ರ ತೆಗೆದುಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡು ಪೇಂಟ್ ಶೆಡ್ಡಿಗೆ ಹೋದರು. ಆ ಬೆನ್ನು ನೋಡುವಾಗ ನನಗೆ ಅಳು ಬಂತು. ನನ್ನ ಅರ್ಜಿ ಇಲ್ಲದಿದ್ದರೂ ಮಸೂದೆ ವಾಪಸ್ ಬರುತ್ತಿತ್ತು, ಅಷ್ಟು ದೊಡ್ಡವರ ಜಗಳದಲ್ಲಿ ನನ್ನ ಒಂದು ವಾಕ್ಯ ಯಾವ ಮೂಲೆಗೆ ಎಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಮಧ್ಯಾಹ್ನದ ಊಟದವರೆಗೂ ಉಳಿಯಲಿಲ್ಲ.

ಆವತ್ತು ಆಫೀಸಿನಲ್ಲೇ ಮಸೂದೆಯ ಪ್ರತಿ ಹುಡುಕಿ ಪ್ರಿಂಟ್ ತೆಗೆದೆ. ಹನ್ನೊಂದು ಪುಟ. ಮರುದಿನ ಬೆಳಿಗ್ಗೆ ಹಮೀದಾಕ ಕಾರನ್ನು ನೇರ ಕಂಪನಿ ಬಸ್ಸು ನಿಲ್ಲುವ ಜಾಗಕ್ಕೆ ಬಿಟ್ಟು 'ಪೋಂ' ಎಂದು ಒಂದೇ ಸಮನೆ ಹಾರ್ನ್ ಒತ್ತಿ ಹಿಡಿದರು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ಹತ್ತಿ ವಿಠಲಣ್ಣ. ಬಾಗಿಲು ತೆಗೆದು ಎಷ್ಟು ಹೊತ್ತು ಇಡುದು, ಎ.ಸಿ. ಎಲ್ಲ ಹೊರಗೆ ಹೋಗ್ತದೆ. ಯಲ್ಲಾ, ಬೇಗ!"

ವಿಠಲಣ್ಣ ಹತ್ತಿದರು. ನಾನು ಮಸೂದೆ ಓದಲು ಶುರು ಮಾಡಿದೆ. ಅದರ ಕನ್ನಡ ಕಲ್ಲು ಕಡಿದ ಹಾಗಿತ್ತು, ಒಂದೊಂದು ವಾಕ್ಯವೂ ಅರ್ಧ ಪುಟ. ಓದಿ, ಅರ್ಥ ಬಿಡಿಸಿ ಹೇಳಿ, ಮತ್ತೆ ಓದಿ, ಮೂರು ಬೆಳಗು ಎರಡು ಸಂಜೆ ಹಿಡಿಯಿತು. ಹತ್ತು ವರ್ಷ ಮೇಲ್ಪಟ್ಟು ಪಾಠ ಮಾಡಿದವರಿಗೆ ಮೂರು ವರ್ಷ ಸಡಿಲಿಕೆ ಎಂಬ ಕಲಮು ಬಂದಾಗ ವಿಠಲಣ್ಣ, "ಇನ್ನೊಮ್ಮೆ ಓದಿ," ಎಂದರು. ಓದಿದೆ. "ಪರೀಕ್ಷೆ ಎಲ್ಲರ ಹಾಗೆ ಬರೀಲೇಬೇಕಾ?" ಎಂದು ಕೇಳಿದರು. ಹೌದು, ಪರೀಕ್ಷೆ ಎಲ್ಲರಿಗೂ ಒಂದೇ, ವಯಸ್ಸಿಗೆ ಮಾತ್ರ ಸಡಿಲಿಕೆ ಎಂದೆ. "ಹಾಗಾದ್ರೆ ಹಿಂದಿನ ಬಾಗಿಲು ಎಲ್ಲಿ ಉಂಟು ಇದರಲ್ಲಿ?" ಎಂದರು. ಹಮೀದಾಕನಿಗೆ ಗೆದ್ದೆನೆಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರು ಇಂಡಿಕೇಟರ್ ಹಾಕಿ ಘಾಲಾ ತಿರುವು ತಗೊಂಡರು, ಅಷ್ಟೆ.

ಆ ವಾರಾಂತ್ಯ ವಿಠಲಣ್ಣ ನಮ್ಮ ಮನೆಗೆ ಬಂದು ರಾಜ್ಯಪಾಲರಿಗೆ ಇನ್ನೊಂದು ಅರ್ಜಿ ಬರೆಯಬೇಕೆಂದರು, ಒಬ್ಬರದೇ ಹೆಸರಿನಲ್ಲಿ. ನಾನು ಕಂಪ್ಯೂಟರ್ ಮುಂದೆ ಕೂತು 'ಘನತೆವೆತ್ತ ರಾಜ್ಯಪಾಲರ ದಿವ್ಯ ಸನ್ನಿಧಾನಕ್ಕೆ' ಎಂದು ಹೊಡೆದು ಅವರತ್ತ ನೋಡಿದೆ.

"ಬೇಡ ಅಕ್ಕ. ಈ ಸಲ ನಿಮ್ಮ ಕನ್ನಡ ಬೇಡ. ನಾನು ಹೇಳ್ತೇನೆ, ಹೇಳಿದ ಹಾಗೇ ಟೈಪ್ ಮಾಡಿ."

ಅವರು ಸಿಟ್ಟಿನಲ್ಲಿ ಹೇಳಿದ್ದಲ್ಲ. ಆದರೂ ಆ ಮಾತು ನನಗೆ ತಾಗಬೇಕಾದ ಕಡೆಯೇ ತಾಗಿತು. ಅವರು ಹೇಳಿದ್ದು ಇಷ್ಟೇ: ನಾನು ಜೂನ್ ತಿಂಗಳಲ್ಲಿ ಮಸ್ಕತ್ತಿನಿಂದ ಬಂದ ಅರ್ಜಿಗೆ ಮೊದಲ ಸಹಿ ಹಾಕಿದವನು. ಮಸೂದೆ ಓದದೆ ಸಹಿ ಹಾಕಿದೆ. ನನ್ನ ಮಗಳು ಹನ್ನೆರಡು ವರ್ಷದಿಂದ ಅತಿಥಿ ಉಪನ್ಯಾಸಕಿ. ನಾನು ಎಲ್ಲರಿಗೂ ಲೆಕ್ಚರರ್ ಎಂದು ಹೇಳಿಕೊಂಡು ಬಂದೆ, ಅದು ನನ್ನ ತಪ್ಪು. ಆ ಅರ್ಜಿಯಿಂದ ನನ್ನ ಹೆಸರು ತೆಗೆಯಿರಿ. ಆಗುವುದಾದರೆ ಆಗಸ್ಟ್ ಮುಗಿಯುವ ಮೊದಲು ಅಂಕಿತ ಹಾಕಿ.

ಅದರ ಒಂದು ಪ್ರತಿಯನ್ನು ಅವರೇ ತಮ್ಮ ಪಕ್ಷದ ಗುಂಪಿಗೂ ಹಾಕಿದರು. ಕದ್ದು ಮಾಡುವ ಜಾತಿಯವರಲ್ಲ ವಿಠಲಣ್ಣ. ಹತ್ತು ನಿಮಿಷದಲ್ಲಿ ಅವರನ್ನು ಗುಂಪಿನಿಂದ ತೆಗೆದುಹಾಕಿದರು. ಒಂದೇ ಕೋಣೆಯಲ್ಲಿ ಮಲಗುವ ಒಬ್ಬರು ಅವರ ಜೊತೆ ಮಾತು ಬಿಟ್ಟರು. ಇಷ್ಟು ದಿನ ಮಗಳ ಹೆಸರೆತ್ತದೆ ಮಾತು ಮುಗಿಸದಿದ್ದ ಮನುಷ್ಯ ಗೇಟಿನ ಕಾವಲುಗಾರ ವಿಚಾರಿಸಿದರೂ ತಲೆಯಾಡಿಸಿ ಹೋಗಿಬಿಡುತ್ತಿದ್ದರು.

ಆಗಸ್ಟ್ ಮೊದಲ ವಾರ ವಿಶೇಷ ಅಧಿವೇಶನ ಕರೆದು ಅದೇ ಮಸೂದೆಯನ್ನು ಮತ್ತೆ ಪಾಸು ಮಾಡಿದರು. ವಿರೋಧ ಪಕ್ಷದವರು ಕಾಗದ ಹರಿದು ಹೊರನಡೆದರು. ಮಸೂದೆ ಎರಡನೇ ಸಲ ರಾಜಭವನಕ್ಕೆ ಹೋಯಿತು. ಇನ್ನು ಬಹಳ ದಿನ ತಡೆಯಲಾಗದು ಎಂದು ತಿಳಿದವರೆಲ್ಲ ಹೇಳುತ್ತಿದ್ದರು. ಆದರೆ ಬಹಳ ದಿನ ಎಂದರೆ ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಸರಕಾರದವರೂ ಅರ್ಜಿಯ ಗಡುವನ್ನು ಒಂದು ತಿಂಗಳು ಮುಂದೆ ಹಾಕಬಹುದಿತ್ತು. ಹಾಕಿದರೆ ತಪ್ಪು ರಾಜ್ಯಪಾಲರದ್ದು ಎನ್ನಲಾಗುತ್ತಿರಲಿಲ್ಲ, ಹಾಗಾಗಿ ಹಾಕಲಿಲ್ಲ ಎಂದು ಹಮೀದಾಕನೇ ಒಂದು ದಿನ ಬೇಸರದಲ್ಲಿ ಹೇಳಿದರು. ತಮ್ಮ ಪಕ್ಷದ ಮೇಲೆ ಅವರು ಒಂದು ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ದಿನಾ ಬೆಳಿಗ್ಗೆ ಕಾರು ಹತ್ತಿದ ಕೂಡಲೇ ವಿಠಲಣ್ಣ, "ಬಿತ್ತಾ?" ಎನ್ನುತ್ತಿದ್ದರು. ಹಮೀದಾಕ, "ಇಲ್ಲ ವಿಠಲಣ್ಣ," ಎನ್ನುತ್ತಿದ್ದರು. ಇಬ್ಬರದೂ ಈಗ ಒಂದೇ ಪಕ್ಷ. ನಾನು ಚಮಚ ತರುವುದನ್ನೇ ಬಿಟ್ಟಿದ್ದೆ.

ಆಗಸ್ಟ್ ಮೂವತ್ತೊಂದು ದಾಟಿತು. ಅದರ ಮರುದಿನ ವಿಠಲಣ್ಣ ಏನೂ ಕೇಳಲಿಲ್ಲ.

ಅಂಕಿತ ಬಿದ್ದದ್ದು ಸೆಪ್ಟೆಂಬರ್ ಎರಡನೇ ವಾರ. ಹಟ ಬಿಡದೆ ಗೆದ್ದೆವೆಂದು ಸಭೆಯ ಕಡೆಯವರು ಪಟಾಕಿ ಹೊಡೆದರು. ಎಲ್ಲ ಪರಿಶೀಲಿಸಿಯೇ ಅಂಕಿತ ಹಾಕಿದ್ದೆಂದು ರಾಜಭವನದ ಕಡೆಯವರು ಲಾಡು ಹಂಚಿದರು. ಆ ವಿಡಿಯೋಗಳೆಲ್ಲ ಹಮೀದಾಕನ ಫೋನಿಗೆ ಬಂದವು. ಅವರು ಫೋನನ್ನು ಡ್ಯಾಶ್‌ಬೋರ್ಡಿನ ಒಳಗೆ ಹಾಕಿ ಮುಚ್ಚಿದರು. ಆಗ ವಿಠಲಣ್ಣ ಅವರ ಹೆಗಲು ತಟ್ಟಿ, "ನಿಮ್ಮವರು ಗೆದ್ದರಲ್ಲ ಹಮೀದಾಕ, ಹಲ್ವಾ ಎಲ್ಲಿ ಮಾರಾಯ್ರೆ?" ಎಂದರು. ಹಮೀದಾಕ ರಸ್ತೆ ನೋಡುತ್ತಲೇ, "ಬೇಡ ವಿಠಲಣ್ಣ, ಇವತ್ತು ಬೇಡ," ಎಂದರು.

ಡಿಸೆಂಬರಿನಲ್ಲಿ ಕಾಲೇಜಿಗೆ ರಜೆ ಸಿಕ್ಕಾಗ ಅಶ್ವಿನಿ ಅಪ್ಪನನ್ನು ನೋಡಲು ಬಂದಳು. ಅಪ್ಪನಿರುವ ಬ್ಯಾಚುಲರ್ ಕೋಣೆಯಲ್ಲಿ ಅವಳಿಗೆ ಜಾಗವಿಲ್ಲವಾದ್ದರಿಂದ ನಮ್ಮ ಮನೆಯಲ್ಲೇ ಉಳಿದಳು. ನಲವತ್ತರ ಹತ್ತಿರದ, ಕಡಿಮೆ ಮಾತಿನ, ಕೈಯಲ್ಲಿ ಏನಾದರೊಂದು ಕೆಲಸ ಇಟ್ಟುಕೊಂಡೇ ಮಾತಾಡುವ ಹೆಂಗಸು. ಶುಕ್ರವಾರ ಎಲ್ಲರಿಗೂ ನಮ್ಮಲ್ಲೇ ಊಟ. ಹೊರಗೆ ಚೆಂದದ ಚಳಿಬಿಸಿಲು. ಹಾಲ್‌ನಲ್ಲಿ ಹಮೀದಾಕನೂ ವಿಠಲಣ್ಣನೂ ಯಾವುದೋ ಸುದ್ದಿಗೆ ದನಿ ಏರಿಸಿ ಜಗಳ ಶುರು ಮಾಡಿದ್ದರು. ಜುಲೈ ಆದ ಮೇಲೆ ಅವರ ಮೊದಲ ಜಗಳ ಅದು. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅದೇ ಧೈರ್ಯದಲ್ಲಿ, ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ಅಶ್ವಿನಿಗೆ ಹೇಳಿಬಿಟ್ಟೆ.

"ಅಶ್ವಿನಿ, ಅಪ್ಪನ ಆ ಮೊದಲಿನ ಅರ್ಜಿ ಬರೆದದ್ದು ನಾನು."

ಅವಳ ಕೈ ನಿಲ್ಲಲಿಲ್ಲ. "ಗೊತ್ತುಂಟು ಅಕ್ಕ."

"ಅಪ್ಪ ಹೇಳಿದ್ರಾ?"

"ಇಲ್ಲಪ್ಪ. ತಾನೇ ಬರೆದದ್ದು ಅಂತ ಈಗಲೂ ಹೇಳ್ತಾರೆ, ನಿಮ್ಮ ಹೆಸರು ಬರ್ಬಾರ್ದು ಅಂತ. ಅವರಿಗೆ ಅಷ್ಟು ಒಳ್ಳೆ ಕನ್ನಡ ಎಲ್ಲಿಂದ ಬರ್ತದೆ? ಹಮೀದಾಕನ ಕಡೆಯದ್ದೂ ನನ್ನ ಫೋನಿಗೆ ಬಂದಿತ್ತು. ಎರಡೂ ಒಂದೇ ಕೈಯದ್ದು ಅಂತ ನೋಡಿದ್ರೆ ಗೊತ್ತಾಗ್ತದೆ. ಇಲ್ಲಿ ಎಲ್ಲರಿಗೂ ಕನ್ನಡದಲ್ಲಿ ಬರೆದು ಕೊಡುವುದು ನೀವೇ ಅಲ್ವಾ?"

ನಾನು ಐದು ತಿಂಗಳಿಂದ ಮನಸ್ಸಿನಲ್ಲೇ ಬರೆದು ತಿದ್ದಿ ಇಟ್ಟುಕೊಂಡಿದ್ದ ಕ್ಷಮೆಯ ಮಾತುಗಳನ್ನು ಹೇಳಲು ಹೊರಟೆ. ಅವಳು ಹೆಚ್ಚಿದ ಸೌತೆಕಾಯಿಯನ್ನು ಬಟ್ಟಲಿಗೆ ಹಾಕಿ, ಚೂರಿ ತೊಳೆದಿಟ್ಟು, ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು.

"ಎರಡನ್ನೂ ಎರಡೆರಡು ಸಲ ಓದಿದೆ ಅಕ್ಕ. ನನ್ನ ಪರವಾಗಿ ಬರೆದದ್ದನ್ನು ಯಾಕೆ ಅಷ್ಟು ಚೆಂದ ಮಾಡಿ ಬರೀಲಿಲ್ಲ?"